ಮೂರನೇ ಗೇಟು

ನೈರೋಬಿಯ ಮಾಲೊಂದರ ಮೂರನೇ ಗೇಟಿನಲ್ಲಿ
ನೆಕೇಸಾಳ ಕೈಗೊಂದು ಕೋಲು, ಕೋಲಿನ ತುದಿಗೆ ಕನ್ನಡಿ.
ಹನ್ನೊಂದು ವರ್ಷದಿಂದ ಕಾರುಗಳ ಹೊಟ್ಟೆ ನೋಡುತ್ತಿದ್ದಾಳೆ:
ಗ್ರೀಸು, ಒಣಗಿದ ಕೆಸರು, ಒಂದು ಸಲ
ಸೈಲೆನ್ಸರಿನ ಕಾವಿಗೆ ಅಂಟಿ ಮಲಗಿದ್ದ ಬೆಕ್ಕಿನ ಮರಿ.
ಬೇರೇನೂ ಸಿಕ್ಕಿಲ್ಲ.
ಸಿಗದಿರಲಿ ಎಂದೇ ಸಂಬಳ.

ಇವತ್ತು ತರಬೇತಿ. ನೆಲಮಾಳಿಗೆಯಲ್ಲಿ ಪ್ಲಾಸ್ಟಿಕ್ ಕುರ್ಚಿ,
ಹಾಲು ಜಾಸ್ತಿಯಾದ ಚಹಾ, ತಲೆಗೊಂದು ಮಂದಾಜಿ.
ಗರಿಗರಿ ಅಂಗಿಯ ಅಧಿಕಾರಿ ಕಿಪ್ಲಿಮೋ ಕೇಳುತ್ತಾನೆ:
"ಲಾರಿಯಲ್ಲಿ ಬಂದರು, ನಾವು ಕಂಬ ನೆಟ್ಟೆವು.
ನಡೆದು ಬಂದರು, ನಾವು ಚೀಲ ಬಿಚ್ಚಿಸಿದೆವು.
ಸರಿ, ಮುಂದೆ?
ಅವರ ಹಾಗೆ ಯೋಚಿಸಿ. ಹತ್ತು ನಿಮಿಷ. ಹಾಳೆ ತಗೊಳ್ಳಿ."

ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು
ಕೋಟೆ ಕೊಳ್ಳೆ ಹೋದ ಮೇಲೆ ನಾವು ಹಾಕಿದ ದಿಡ್ಡಿ ಬಾಗಿಲಿಗೇ
ಮತ್ತೆ ಬಂದು, ಚಿಲಕ ಬಡಿದು, ಕಾಯುತ್ತಾರೆಯೇ?

ಮುದುಕ ಮುಲಿ ಒಂದೇ ಪದ ಬರೆದ: ಆಕಾಶ.
ಹೊಸ ಹುಡುಗ ನಾಲ್ಕು ಪುಟ, ಅಂಚಿನಲ್ಲಿ ಬಾಣದ ಗುರುತು,
ನಾಲಿಗೆಯ ತುದಿ ಕಚ್ಚಿಕೊಂಡು, ಪರೀಕ್ಷೆಯಲ್ಲಿ
ಗೊತ್ತಿರುವ ಪ್ರಶ್ನೆ ಬಂದವನ ಹಾಗೆ.
ಕಿಪ್ಲಿಮೋ ಅದನ್ನೋದಿ, ಹುಡುಗನನ್ನು ಒಮ್ಮೆ ನೋಡಿ,
ಮತ್ತೊಮ್ಮೆ ನೋಡಿ,
ಹಾಳೆಗಳನ್ನು ಫೈಲಿನೊಳಗೆ ಇಟ್ಟ.
ಫೈಲು ಯಾವ ಕಪಾಟಿಗೆ, ಕೀಲಿ ಯಾರ ಹತ್ತಿರ,
ಯಾರೂ ಕೇಳಲಿಲ್ಲ.

ನೆಕೇಸಾಳ ಹಾಳೆ ಖಾಲಿ.
ಏನೂ ಹೊಳೆಯಲಿಲ್ಲ ಎಂದಲ್ಲ.
ಹೊಳೆಯಲು ಶುರುವಾದದ್ದು ನಿಲ್ಲಲಿಲ್ಲ:
ಕೂಸಿನ ತಳ್ಳುಗಾಡಿ, ಹುಟ್ಟುಹಬ್ಬದ ಕೇಕು,
ಗಾಲಿಕುರ್ಚಿಯ ಅಜ್ಜಿ, ಅಜ್ಜಿಯ ಮಡಿಲ ಕಂಬಳಿ.
ಒಂದೊಂದೂ ಕಣ್ಣೆದುರಲ್ಲೇ ಕೆಡುತ್ತ ಬಂತು.
ಬರೆದರೆ ನನ್ನ ಅಕ್ಷರದಲ್ಲಿ ಉಳಿಯುತ್ತದಲ್ಲ,
ಎಂದುಕೊಂಡು ಪೆನ್ನಿನ ಮುಚ್ಚಳ ಹಾಕಿದಳು.

ಸಂಜೆ ಮಟಾಟುವಿನಲ್ಲಿ ದಪ್ಪ ಜಾಕೀಟಿನವನೊಬ್ಬ
ಬೆವರುತ್ತಿದ್ದ, ತುಟಿಯಲ್ಲೇ ಏನೋ ಗೊಣಗುತ್ತಿದ್ದ.
ಎದ್ದು ಹಿಂದಿನ ಸೀಟಿಗೆ ಹೋದಳು.
ಅವಳ ಜಾಗದಲ್ಲಿ ಶಾಲೆಯ ಹುಡುಗಿಯೊಬ್ಬಳು ಕೂತು
"ಜ್ವರವಾ ಅಂಕಲ್?" ಎಂದು
ಕಡಲೆಕಾಯಿಯ ಪೊಟ್ಟಣ ಚಾಚಿದಳು.
ಸಿಪ್ಪೆ ಬಿಡಿಸುವ ಚಿಟಚಿಟ
ಕವಾಂಗ್ವಾರೆಯವರೆಗೂ ಕೇಳುತ್ತಿತ್ತು.

ಓಣಿಯ ತಿರುವಿನಲ್ಲಿ ತಲೆಯ ಮೇಲೆ ಗುಂಯ್ ಅಂದದ್ದೇ
ಗೋಡೆಗೆ ಒತ್ತಿ ಕುಕ್ಕರಿಸಿದಳು.
ಮಗ ಸಿಮಿಯು, ತಗಡಿನ ಮಾಡಿನ ಮೇಲೆ,
ತಂತಿಗೆ ಹಾಲಿನ ಪೊಟ್ಟಣ ಸುತ್ತಿದ ವಿಮಾನ ಹಿಡಿದು;
ಗುಂಯ್ ಎಂದದ್ದು ಅವನ ಬಾಯಿ.
"ಅಮ್ಮಾ, ಹೆದರಿದೆಯಾ?"
ಬಿದ್ದುಬಿದ್ದು ನಕ್ಕ. ಅವಳೂ ನಗಲು ಹೋದಳು.
ಬಾಯಿ ಬಂತು, ನಗು ಬರಲಿಲ್ಲ.

ಬೆಳಿಗ್ಗೆ ಮತ್ತೆ ಗೇಟು. ಮತ್ತೆ ಕಾರುಗಳ ಸಾಲು.
ಕೋಲು ತಿರುಗಿಸಿ ಕನ್ನಡಿಯನ್ನು ಮೇಲಕ್ಕೆ ಹಿಡಿದಳು.
ಅಕೇಶಿಯ ಮರದ ತುದಿಯಲ್ಲಿ ಮರಾಬು ಕೊಕ್ಕರೆ,
ಬೋಳುತಲೆ, ಹಳೇ ಕೋಟಿನಂಥ ರೆಕ್ಕೆ,
ಕೆಳಗಿನ ಎಲ್ಲರನ್ನೂ ಎಣಿಸುತ್ತ ನಿಂತಿತ್ತು.
"ಅಲ್ಲೇನಿದೆ ನೋಡೋಕೆ?" ಚಾಲಕ ಹಾರ್ನು ಒತ್ತಿದ.
"ಹಕ್ಕಿ," ಅಂದಳು. ತಡೆಗಂಬ ಎತ್ತಿದಳು.

ಕಾರು ಇಳಿಜಾರಿನಲ್ಲಿ ಇಳಿದು, ತಿರುಗಿ,
ನೆಲಮಾಳಿಗೆಯ ಕತ್ತಲೆಯೊಳಗೆ ಹೋದ ಮೇಲೆ
ನೆನಪಾಯಿತು:
ಅದರ ಹೊಟ್ಟೆ ನೋಡಿಲ್ಲ.