ಸೋಮವಾರದ ಬಾಗಿಲು

ಫ್ಲಿಂಟ್ ಊರಿನ ಯೂನಿಯನ್ ಹಾಲು, ಫೆಬ್ರವರಿಯ ಶನಿವಾರ.
ಹೊರಗೆ ರಸ್ತೆಗೆ ಸುರಿದ ಉಪ್ಪು
ನಿಜವಾದ ಕಾರುಗಳನ್ನು ಮೆಲ್ಲುತ್ತಿದೆ.
ಒಳಗೆ ಮಡಚುಮೇಜುಗಳ ಮೇಲೆ ಬಿಳಿ ಕಾಗದ ಹಾಸಿ
ಇನ್ನೂರ ಹನ್ನೊಂದು ಕಾರು.
ಒಂದಕ್ಕೂ ಹೊಗೆಯಿಲ್ಲ. ಒಂದರ ಮೇಲೂ ಸಾಲವಿಲ್ಲ.

ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆಯುತ್ತೇವೆ
ನಾವು ಮೂವರು ತೀರ್ಪುಗಾರರು. ಮುಟ್ಟುವಂತಿಲ್ಲ.
ಲೊರೇನ್ ಟುವೋಮಿಯ ಹಲ್ಲಿನ ನಡುವೆ ಪೆನ್ ಟಾರ್ಚು,
ಓಟಿಸ್ ಬೋಶಾಂನ ಕೊರಳಲ್ಲಿ ಭೂತಗನ್ನಡಿ,
ನನ್ನ ಬಳಿ ಹಲ್ಲಿನ ಡಾಕ್ಟರು ಎಸೆಯಲಿದ್ದ ಉದ್ದ ಹಿಡಿಯ ಪುಟ್ಟ ಕನ್ನಡಿ.

ಬಣ್ಣದಲ್ಲಿ ಧೂಳಿನ ಕಣ: ಅರ್ಧ ಅಂಕ.
ಗಾಜಿನ ಮೇಲೆ ಅಂಟಿನ ಮಂಜು: ಒಂದು.
ನಾಲ್ಕರಲ್ಲಿ ಒಂದು ಚಕ್ರ ನೆಲ ಬಿಟ್ಟು ಕೂದಲೆಳೆ ಎದ್ದಿದ್ದರೂ
ಓಟಿಸ್ ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಹಿಡಿದುಬಿಡುತ್ತಾನೆ.
ಮೂವತ್ತೊಂದು ವರ್ಷ ಪೇಂಟ್ ಶಾಪಿನಲ್ಲಿದ್ದವನು ನಾನು.
ಅಲ್ಲಿ ಇಷ್ಟು ಹುಳುಕು ಹುಡುಕಿದ್ದರೆ
ಒಂದು ಕಾರೂ ಗೇಟು ದಾಟುತ್ತಿರಲಿಲ್ಲ.

ಕೆಲವರು ಕಾರಿನಡಿ ಕನ್ನಡಿ ಹಾಸುತ್ತಾರೆ,
ಹೊಟ್ಟೆಯ ಕೆಲಸವೂ ಕಾಣಲೆಂದು:
ಬ್ರೇಕಿನ ನಳಿಗೆ, ಸೈಲೆನ್ಸರಿನ ತುಕ್ಕು, ನಟ್ಟಿನ ಆರು ಮೂಲೆ,
ಇನ್ನಷ್ಟು ಬಗ್ಗಿದರೆ ನನ್ನದೇ ಮೂಗಿನ ಹೊಳ್ಳೆ.
ಕನ್ನಡಿಯೊಳಗಿನ ಗಂಟು ಅಂದರೆ ಇದೇ.
ಎಲ್ಲ ಕಾಣುತ್ತದೆ, ಒಂದು ಬೋಲ್ಟೂ ಬಿಗಿಯಲು ಬಾರದು.

ಒಂಬತ್ತನೇ ಮೇಜು, ನೂರ ನಲವತ್ತಾರನೇ ನಂಬರು.
ಎಪ್ಪತ್ತಮೂರರ ಸ್ಟೇಷನ್ ವ್ಯಾಗನ್, ಇಪ್ಪತ್ತೈದರಲ್ಲೊಂದು ಪಾಲು,
ಅರೆದ ಸಾಸಿವೆಯ ಬಣ್ಣ.
ಸೀಟಿನ ಹೊಲಿಗೆ ಎಣಿಸಬಹುದು.
ಬೂದಿಬಟ್ಟಲಲ್ಲಿ ಎಳ್ಳಿಗಿಂತ ಸಣ್ಣ ಸಿಗರೇಟು ತುಂಡು.
ಆದರೆ ಚಾಲಕನ ಬಾಗಿಲು
ಮುಚ್ಚಿಯೂ ಮುಚ್ಚದ ಹಾಗೆ, ಹಿಂದಿನ ಮೂಲೆಯಲ್ಲಿ
ಅಕ್ಕಿನುಚ್ಚಿನಷ್ಟು ಜೋತಿದೆ.

ಛೆ, ಅಂದಳು ಲೊರೇನ್, ಇಷ್ಟು ಮಾಡಿದವನು ಬಾಗಿಲಲ್ಲಿ ಎಡವಿದನಲ್ಲ.
ಓಟಿಸ್ ಬರೆದ: ಜೋಡಣೆ, ಮೂರು ಕಳೆ.

ಪಕ್ಕದಲ್ಲೊಂದು ಚೀಟಿ. ಬೇರೆಯವರದು ಪುಟಗಟ್ಟಲೆ:
ಎಷ್ಟು ಗಂಟೆ, ಎಷ್ಟು ಕೋಟು ಬಣ್ಣ, ಸಹಿಸಿಕೊಂಡ ಹೆಂಡತಿಗೆ ವಂದನೆ.
ಇದರಲ್ಲಿ ಪೆನ್ಸಿಲಿನ ಎರಡೇ ಸಾಲು:
ಎಡಬಾಗಿಲು ಬೇಕೆಂದೇ ಹೀಗೆ. ನಾನೇ ಕೂರಿಸಿದ್ದು, ಅಂದೂ.
ವೆಂಡೆಲ್ ಪ್ರಿಬಿಲಾ, ಎರಡನೇ ಪಾಳಿ.

ಅಂಥದೊಂದು ವ್ಯಾಗನ್ ನನ್ನಲ್ಲಿತ್ತು.
ಸೊಂಟದಿಂದ ಎತ್ತಿ ಒತ್ತಬೇಕು, ಆಗಲೇ ಮುಚ್ಚುವುದು.
ಹೆಂಡತಿ ಕಲಿತಳು, ದಿನಸಿ ಚೀಲ ಎರಡೂ ಕೈಯಲ್ಲಿದ್ದಾಗಲೂ;
ಹಿರಿಮಗಳು ಕಲಿತಳು, ಅದನ್ನೇ ಕುಣಿತ ಮಾಡಿಕೊಂಡಳು.
ಸೋಮವಾರದ ಕಾರು ಅನ್ನುತ್ತಿದ್ದೆವು ಅಂಥವಕ್ಕೆ,
ಭಾನುವಾರದ ಬೀರು ಬೆರಳಿಗಿಳಿದಾಗ ಹುಟ್ಟಿದವು.
ಹನ್ನೆರಡು ಚಳಿಗಾಲ ಬೈದೆ ಹೆಸರಿಲ್ಲದ ಒಬ್ಬನನ್ನು,
ನನ್ನದೇ ಗೇಟಿನಿಂದ ಹೊರಬರುತ್ತಿದ್ದವನನ್ನು,
ಪಾಳಿ ಬದಲಾಗುವಾಗ ನನಗೆ ಬೆಂಕಿಪೊಟ್ಟಣ ಕೊಟ್ಟಿದ್ದರೂ ಕೊಟ್ಟಿದ್ದಾನು.

ಇಪ್ಪತ್ತು ನಿಮಿಷ ವಾದ. ಕಾಫಿ ಆರಿತು.
ನಿಜವಾದ ಕಾರಿನಂತೆಯೇ ಇರಬೇಕು, ನಿಯಮ ಒಂದು.
ಬಾಗಿಲು ಸರಿಯಾಗಿ ಕೂತಿರಬೇಕು, ನಿಯಮ ಹನ್ನೊಂದು.
ತಪ್ಪನ್ನು ಒಂದೂ ತಪ್ಪಿಲ್ಲದೆ ಮಾಡಿದ್ದಾನೆ,
ಅದಕ್ಕೆ ಕಾಲಂ ಎಲ್ಲಿದೆ? ಲೊರೇನ್ ಕೇಳಿದಳು.
ಬಿಟ್ಟರೆ ಮುಂದಿನ ವರ್ಷ ಎಲ್ಲರೂ ಚೀಟಿ ಬರೆಯುತ್ತಾರೆ, ಅಂದ ಓಟಿಸ್.
ನಾನು ಸುಮ್ಮನೆ ಬಲಬಾಗಿಲು ನೋಡಿದೆ.
ಸಂದಿನಲ್ಲಿ ಕೂದಲೂ ತೂರದು.
ಅದನ್ನು ಬೇರೆ ಯಾರೋ ಕೂರಿಸಿದ್ದಿರಬೇಕು.

ಎರಡನೇ ಬಹುಮಾನ. ಮೊದಲನೆಯದು
ಚೆರ್ರಿ ಕೆಂಪಿನ ಒಂದು ಕಾರಿಗೆ, ಅದರ ಬಾಗಿಲು ತೆರೆಯುವುದೇ ಇಲ್ಲ.

ಹೆಸರು ಕೂಗಿದಾಗ ದಪ್ಪ ಬೆರಳುಗಳ ಮುದುಕನೊಬ್ಬ ಬಂದ.
ರಿಬ್ಬನ್ನು ಜೇಬಿಗೆ ತುರುಕಿ, ಎಷ್ಟು ಕಳೆದಿರಿ, ಅಂದ.
ಮೂರು.
ಕಡಿಮೆಯಾಯಿತು, ಅಂದ.
ಸ್ಪಂಜಿನ ಪೆಟ್ಟಿಗೆಯಲ್ಲಿ ಕಾರು ಮಲಗಿಸುವ ಮುನ್ನ
ಕಿರುಬೆರಳ ಉಗುರಿನಿಂದ
ಬಾಗಿಲನ್ನು ತುಸು ಎತ್ತಿ, ಒತ್ತಿದ.

ಅದು ಮುಚ್ಚಿಕೊಂಡ ಸದ್ದು ನನಗೆ ಕೇಳಿಸಿತು.
ನನ್ನ ಸೊಂಟ ತಾನಾಗಿ ಪಕ್ಕಕ್ಕೆ ಹೋಗಿತ್ತು.