ನಾಲ್ಕು ಪಾಯಿಂಟ್ ಒಂದು

ಬೋರ್ಡು ಅಗ್ಗದ್ದು. ಟಿಬಿಲಿಸಿಯ ಹಳೇ ಸಾಮಾನಿನ ಸಂತೆಯಲ್ಲಿ
ಸಮೋವಾರು, ಪದಕ, ಜೋಡಿ ತಪ್ಪಿದ ಚಮಚಗಳ ನಡುವೆ
ಪೆಟ್ಟಿಗೆಯೂ ಇಲ್ಲದೆ ಮಲಗಿತ್ತು.
ಅರವತ್ತು ಲರಿ ಎಂದ ಮಾರುವವ.
ಅಣ್ಣ ಬೆಸಿಕ್ ಐವತ್ತಕ್ಕೆ ಇಳಿಸಿದ.
ಉಳಿದ ಹತ್ತರಲ್ಲಿ ನನಗೊಂದು ಖಚಾಪುರಿ,
ಮನೆಯಲ್ಲಿ ಬಾಯಿ ಮುಚ್ಚಿಕೊಂಡಿರಲು.

ರುಸ್ತಾವಿಗೆ ಮರಳುವ ಮಿನಿಬಸ್ಸಿನಲ್ಲಿ
ಕೂಸಿನ ಹಾಗೆ ಅದನ್ನು ತೊಡೆಯ ಮೇಲಿಟ್ಟುಕೊಂಡಿದ್ದ.
ಮೊದಲೇ ಕೊಂಡ ಪ್ರೊಸೆಸರು ಅಂಗಿಯ ಜೇಬಿನಲ್ಲಿ,
ಸಾವಿರದ ಮುನ್ನೂರ ಚಿಲ್ಲರೆ ಕಾಲುಗಳ ಚಿನ್ನದ ಹುಳು.

ಹಾಸಿಗೆ ಇದ್ದಷ್ಟು ಕಾಲು ಚಾಚು, ಸರಿ.
ಸಾವಿರ ಕಾಲಿದ್ದವನು ಏನು ಮಾಡಬೇಕು?

ಮೂರು ಪಾಯಿಂಟ್ ಎರಡು, ಕಂಪನಿ ಬರೆದುಕೊಟ್ಟ ವೇಗ.
ರಾತ್ರಿ ಬಯೋಸಿನ ನೀಲಿ ಪರದೆಯೊಳಗೆ ಹೊಕ್ಕು
ಒಂದೊಂದೇ ಮೆಟ್ಟಿಲು ಏರಿಸಿದ.
ಮೂರೂವರೆ. ಮೂರು ಎಂಟು.
ವೋಲ್ಟೇಜು ಮಾತ್ರ ಚಿಟಿಕೆ ಚಿಟಿಕೆ, ಸಾರಿಗೆ ಉಪ್ಪು ಬಿದ್ದ ಹಾಗೆ.
ನಾಲ್ಕು ಮುಟ್ಟಿದಾಗ ಅಡುಗೆಮನೆಗೆ ಓಡಿ ನೀರು ಕುಡಿದು ಬಂದ.
ನಾಲ್ಕು ಪಾಯಿಂಟ್ ಎರಡರಲ್ಲಿ
ಹನ್ನೊಂದು ನಿಮಿಷ ತಡೆಯಿತು.
ಆಮೇಲೆ ಪರದೆ ಕಪ್ಪು. ಕೂದಲು ಸುಟ್ಟ ವಾಸನೆ.
ನನ್ನದಲ್ಲ ತಾನೇ ಎಂದು ಜಡೆ ಮುಟ್ಟಿ ನೋಡಿಕೊಂಡೆ.

ಚಿಪ್ಪಿನ ಬಿಸಿ ಬರೀ ಎಪ್ಪತ್ತೊಂದಿತ್ತು, ಬರೀ ಎಪ್ಪತ್ತೊಂದು,
ಎಂದು ವಾದಿಸುತ್ತಿದ್ದ ಅಣ್ಣ,
ಯಾರ ಹತ್ತಿರವೋ.

ಉಣ್ಣೆಯ ಕಾಲುಚೀಲದಲ್ಲಿ ಎದ್ದು ಬಂದರು ಬಾಬುವಾ,
ನಮ್ಮ ತಾತ.
ಮೂವತ್ತೊಂದು ವರ್ಷ ಕುಲುಮೆಯ ಬಾಯಲ್ಲಿ ನಿಂತವರು.
ನೀಲಿ ಗಾಜು ಕಣ್ಣಿಗೆ ಹಿಡಿದು, ಕರಗಿದ ಉಕ್ಕಿನ ಬಣ್ಣ ನೋಡಿ
ಸಾವಿರದ ಆರುನೂರು, ಇನ್ನೊಂದು ಹತ್ತು ಬೇಕು, ಎನ್ನುತ್ತಿದ್ದರಂತೆ.
ಕಂಪ್ಯೂಟರಿನ ವಿಷಯ ಏನೇನೂ ಗೊತ್ತಿಲ್ಲ.
ಪ್ಲಗ್ ಕಿತ್ತೆಯಾ? ಕೇಳಿದರು.
ತೋರುಬೆರಳಿಗೆ ಎಂಜಲು ಹಚ್ಚಿ,
ಅಜ್ಜಿ ಇಸ್ತ್ರಿಪೆಟ್ಟಿಗೆಗೆ ಮಾಡುತ್ತಿದ್ದ ಹಾಗೆ,
ಒಂದೊಂದೇ ಜಾಗ ಮುಟ್ಟುತ್ತ ಹೋದರು.
ಪ್ರೊಸೆಸರಿನ ಪಕ್ಕ, ಬೋಳು ಕಪ್ಪು ಚೌಕಗಳ ಸಾಲಿನಲ್ಲಿ
ಚುಸ್ಸ್.

ಇಲ್ಲಿ.
ಅಲ್ಲಿ ಸೆನ್ಸರೇ ಇಲ್ಲ ಬಾಬುವಾ, ಐವತ್ತು ಲರಿಯ ಬೋರ್ಡು.
ಅದಕ್ಕೇ ಇಲ್ಲಿ.

ಲೆಕ್ಕ ಮಾಡುವವನ ತಲೆ ತಣ್ಣಗೇ ಇತ್ತು.
ಅವನಿಗೆ ಕರೆಂಟು ಹೊತ್ತು ತರುವ ಹಮಾಲರ
ಹೆಗಲು ಬೆಂದುಹೋಗಿತ್ತು.

ಒಮ್ಮೆ, ಎಂದರು ಸ್ಟೂಲೆಳೆದು ಕೂತು,
ಮೂರು ತಿಂಗಳ ಲೆಕ್ಕ ಮುಗಿಯುವ ವಾರ,
ಪ್ಲಾನು ನೂರಾ ಹನ್ನೆರಡು ಪರ್ಸೆಂಟ್ ಆಗಲೇಬೇಕೆಂದು ಮೇಲಿಂದ ಕಾಗದ.
ಉಕ್ಕು ಚೆನ್ನಾಗೇ ಬಂತು. ಉಕ್ಕಿಗೇನು.
ಚಾವಣಿಯ ಇಟ್ಟಿಗೆ ಇತ್ತಲ್ಲ...
ಗ್ರಾಮಿತೋನ್ ಅಂತ ಒಬ್ಬನಿದ್ದ. ಮಂದ್ರದಲ್ಲಿ ಹಾಡುತ್ತಿದ್ದ.
ಅಷ್ಟಕ್ಕೇ ನಿಲ್ಲಿಸಿ
ಗರಗಸ ಎಲ್ಲಿ, ಎಂದು ಕೇಳಿದರು.

ಬಾಲ್ಕನಿ ಕಿಟಕಿಯ ಅಲ್ಯೂಮಿನಿಯಂ ಪಟ್ಟಿ ಕಳಚಿ,
ನಾನು ಟಾರ್ಚು ಹಿಡಿದು, ಅಣ್ಣ ಉಸಿರು ಹಿಡಿದು,
ಅವರು ಕೊಯ್ದರು, ಉಜ್ಜಿದರು, ಬಾಚಣಿಗೆಯಂತೆ ಹಲ್ಲು ಬಿಡಿಸಿದರು.
ಅಂಟಿಸಿ, ಸತ್ತ ಯಾವುದೋ ಪೆಟ್ಟಿಗೆಯ ಫ್ಯಾನು ಕಟ್ಟಿದ್ದಾಯಿತು
ಅಜ್ಜಿಯ ಉಣ್ಣೆ ದಾರದಲ್ಲಿ, ಕೆಂಪು.

ನಾಲ್ಕು ಪಾಯಿಂಟ್ ಎರಡು ನಲವತ್ತು ನಿಮಿಷಕ್ಕೆ ಬಿತ್ತು.
ನಾಲ್ಕು ಪಾಯಿಂಟ್ ಒಂದು
ಬೆಳಕು ಹರಿಯುವವರೆಗೆ ನಡೆಯಿತು, ಸಣ್ಣಗೆ ಗುನುಗುತ್ತ.
ಸಾಕು, ಎಂದರು ಬಾಬುವಾ. ಇವನಿಗೆ ಇಷ್ಟು.

ಪಟ್ಟಿ ಹೋದ ಕಿಟಕಿ ಈಗ ಗಾಳಿ ಬಂದರೆ ಗಡಗಡ ನಡುಗುತ್ತದೆ.
ಅಮ್ಮ ಸಂದಿಗೆ ಪೇಪರು ತುರುಕಿ ಬಯ್ಯುತ್ತಾಳೆ,
ಅಣ್ಣ ರಾತ್ರಿ ಕಿತ್ತು ಹಾಕುತ್ತಾನೆ:
ಡಿಸೆಂಬರಿನ ಚಳಿ ನೆಟ್ಟಗೆ ಬೋರ್ಡಿನ ಮೇಲೇ ನುಗ್ಗಲಿ ಅಂತ.
ಹಿಡಿಯಿತು ಕಣೇ, ಎಂದ ನಿನ್ನೆ ಕಿವಿಯಲ್ಲಿ,
ನಾಲ್ಕು ಪಾಯಿಂಟ್ ಎರಡು. ಬಾಬುವಾಗೆ ಹೇಳಬೇಡ.

ಈ ಸಲ ಎರಡು ಖಚಾಪುರಿ ಕೇಳಿದ್ದೇನೆ.