ದುಭಾಷಿಯ ಕೂಲಿ

ದಿನಕ್ಕೆ ಅರವತ್ತು ಬಿರ್, ಮಧ್ಯಾಹ್ನದ ಊಟ,
ಕೂರಲು ಬಿಳಿ ಪ್ಲಾಸ್ಟಿಕ್ ಕುರ್ಚಿ.
ಸೋಡೊ ಪೇಟೆಯ ಎರಡು ಕೋಣೆಯ ಆ ಕಚೇರಿಯಲ್ಲಿ
ಎರಡು ಮಾತುಗಳ ನಡುವೆ ಹಾಸಿದ ಹಲಗೆ ನಾನು.
ಇಂಗ್ಲಿಷ್ ಮೇಷ್ಟ್ರು, ಮೂರು ತಿಂಗಳ ಸಂಬಳ ಬಾಕಿ.
ನೆಪ ಹೇಳುತ್ತಿಲ್ಲ, ಲೆಕ್ಕ ಹೇಳುತ್ತಿದ್ದೇನೆ.

ಬೆಕೆಲೆಚ್ ಬಂದದ್ದು ಸಂತೆಯ ದಿನ,
ಹೊದ್ದ ಬಟ್ಟೆಯ ಅಂಚಿನಲ್ಲಿ ಕೆಮ್ಮು ಅದುಮಿಕೊಂಡು,
ಮಗಳ ಕೈ ಹಿಡಿದುಕೊಂಡು.
ಮಗುವಿನ ಹೆಸರು ಮಾರಿತು.
ಜೇನಿನಂಥವಳು ಎಂದರ್ಥ. ನಮ್ಮಲ್ಲಿ
ಅದಕ್ಕೆ ಬೇರೆ ಅರ್ಥವಿಲ್ಲ.

ಗಂಡ ಅಂಜುಲೊ ಹೊರಗೆ ಬೇಲಿಗೊರಗಿ
ಹುರಿದ ಬಾರ್ಲಿ ಮೆಲ್ಲುತ್ತ ನಿಂತಿದ್ದ.
ಒಳಗೆ, ಅರ್ಜಿಯ ಏಳನೇ ಸಾಲಿನಲ್ಲಿ
ಅವನು ಸತ್ತು ಎರಡು ವರ್ಷ.
"ತಂದೆ ಇದ್ದರೆ ಕಡತ ನಿಧಾನವಾಗುತ್ತೆ" ಅಂದ ವ್ಯವಸ್ಥಾಪಕ.
ಕೆಟ್ಟವನಲ್ಲ, ಭಾನುವಾರ ಚರ್ಚಿನಲ್ಲಿ
ನನ್ನ ಪಕ್ಕದಲ್ಲೇ ನಿಂತು ಹಾಡುವವನು.
ಕಿಟಕಿಯಿಂದ ನೋಡಿದೆ.
ಸತ್ತವನು ಕೈ ಎತ್ತಿ ನಮಸ್ಕರಿಸಿದ.

"ಕೊಡುತ್ತಾಳಾ ಕೇಳು, ಶಾಶ್ವತವಾಗಿ?"
ನಮ್ಮಲ್ಲಿ ಯಾರೂ ಮಗುವನ್ನು ಕೊಡುವುದಿಲ್ಲ,
ಕಳಿಸುತ್ತಾರೆ. ಚಿಕ್ಕಮ್ಮನ ಮನೆಗೆ, ಓದಲು, ಉಣ್ಣಲು.
ಮದುವೆಗೆ, ಸಾವಿಗೆ, ಸುಮ್ಮನೆ ಜ್ವರಕ್ಕೂ ಅದು ಬರುತ್ತದೆ.
ನಾನು ಕೇಳಿದೆ: "ಕಳಿಸುತ್ತೀಯಾ?"
"ಕಳಿಸುತ್ತೇನೆ," ಅಂದಳು.
"ಅಲ್ಲಿ ಚಳಿಯಂತೆ. ಏನು ಹೊದೆಸುತ್ತಾರೆ, ಕೇಳು."
ನಾನು ಇಂಗ್ಲಿಷಿನಲ್ಲಿ ಅಂದೆ: "ಕೊಡುತ್ತಾಳಂತೆ."
ಚಳಿಯ ಮಾತು ನನ್ನಲ್ಲೇ ಉಳಿಯಿತು.

ನೇರಳೆ ಶಾಯಿ.
ಹೆಬ್ಬೆರಳು ಒತ್ತಿ, ಗೋಡೆಗೆ ಒರೆಸಿಕೊಂಡಳು.
ಸೊಂಟದೆತ್ತರಕ್ಕೆ ಆ ಗೋಡೆಯ ತುಂಬ ನೇರಳೆ ಬೆರಳು,
ಯಾವುದೋ ಮಗು ಬಣ್ಣದಲ್ಲಿ ಆಡಿಹೋದ ಹಾಗೆ.

ಕಚೇರಿಯಲ್ಲೊಂದು ಕೆಂಪು ಸ್ವೆಟರ್ ಇತ್ತು. ಒಂದೇ.
ಎಲ್ಲ ಮಕ್ಕಳಿಗೂ ಅದನ್ನೇ ತೊಡಿಸಿ ಫೋಟೊ,
ನೂಲು ಬಿಚ್ಚಿದ ಎಡತೋಳನ್ನು ಒಳಕ್ಕೆ ಮಡಚಿ.
ಮಾರಿತು ನಗಲಿಲ್ಲ. ಬಿಸ್ಕತ್ತು ತೋರಿಸಿದರು.
ಆಗ ನಕ್ಕಳು.

ನಮ್ಮ ಹಿತ್ತಲಲ್ಲಿ ಎನ್ಸೆಟ್ ಬೆಳೆಯುತ್ತದೆ.
ನೋಡಲು ಬಾಳೆ, ಹಣ್ಣು ತಿನ್ನುವಂತಿಲ್ಲ, ಗೆಡ್ಡೆಯೇ ಅನ್ನ.
ತಾಯಿಗೆಡ್ಡೆಯ ನಡುಭಾಗ ಕೆತ್ತಿ ತೆಗೆದು ಹೂಳುತ್ತೇವೆ,
ಗಾಯದ ಸುತ್ತ ಕಂದುಗಳು ಏಳುತ್ತವೆ.
ಕಿತ್ತು ಬೇರೆಡೆ ನೆಡುವುದು ನಮಗೆ ಹೊಸತಲ್ಲ,
ಆದರೆ ನೆಟ್ಟ ಜಾಗ
ಕಿತ್ತವಳಿಗೆ ಗೊತ್ತಿರುತ್ತದೆ.

ವರ್ಷಕ್ಕೊಂದು ಫೋಟೊ ಎಂದಿದ್ದರು. ಒಂದೇ ಬಂತು.
ಲಕೋಟೆ ತಲುಪಿಸಿದವನು ನಾನೇ.
ಕೆಂಪು ಸ್ವೆಟರ್, ಮಡಚಿದ ಎಡತೋಳು,
ಯಾರದೋ ಮಗಳು.
ಬೆಕೆಲೆಚ್ ಕಣ್ಣಿಗೊತ್ತಿಕೊಂಡಳು,
"ಗಲ್ಲ ತುಂಬಿದೆ" ಅಂದಳು.
ನಾನು ಬಾಯಿ ಬಿಡಲಿಲ್ಲ.
ಆ ದಿನದ ಮೌನಕ್ಕೆ ಯಾರೂ ಕೂಲಿ ಕೊಟ್ಟಿರಲಿಲ್ಲ.

ಹದಿನಾಲ್ಕು ವರ್ಷ. ಕಚೇರಿ ಈಗ ಮೊಬೈಲ್ ಅಂಗಡಿ,
ಗೋಡೆಗೆ ಹಸಿರು ಬಣ್ಣ.
ಡೆನ್ಮಾರ್ಕಿನಿಂದ ಸಿಗ್ನೆ ಬಂದಿದ್ದಾಳೆ, ಉದ್ದನೆಯ ಹುಡುಗಿ,
ಕಡತವನ್ನು ಎದೆಗವಚಿಕೊಂಡು.
ಗುಡಿಸಲಲ್ಲಿ ಕಾಫಿ ಹುರಿದ ಹೊಗೆ.
ಸತ್ತ ಅಪ್ಪ ಮೂಲೆಯಲ್ಲಿ ಕೂತು
ಮಗಳ ಬೂಟಿನ ದಾರವನ್ನೇ ನೋಡುತ್ತಿದ್ದಾನೆ.
ಗೋಡೆಯಲ್ಲಿ, ಗಾಜಿನ ಹಿಂದೆ, ಆ ಇನ್ನೊಬ್ಬಳು ನಗುತ್ತಿದ್ದಾಳೆ.

"ಯಾಕೆ ಕೊಟ್ಟೆ ಅಂತ ಕೇಳಿ," ಎಂದಳು ಸಿಗ್ನೆ.
"ಯಾಕಿಷ್ಟು ತಡ ಮಾಡಿದೆ, ಕೇಳು," ಎಂದಳು ಬೆಕೆಲೆಚ್.
ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ.

ಕಳಿಸುವುದು, ಕಳಕೊಳ್ಳುವುದು.
ನಡುವಿನ ವ್ಯತ್ಯಾಸ ನಾನು ತಿಂದ ಊಟ.

ಮೂರನೇ ಸುತ್ತಿನ ಕಾಫಿ, ತೆಳ್ಳಗೆ.
ಬಟ್ಟಲು ಕೆಳಗಿಟ್ಟೆ.
ಫೋಟೊದ ಮಾತು ಬರಬೇಕು, ಏಳನೇ ಸಾಲಿನ ಮಾತೂ.
ನಾಲಗೆಗೆ ಮೊದಲು ಸಿಕ್ಕಿದ್ದು ಹಳೆಯ ಬಾಕಿ.
"ನಿನ್ನ ತಾಯಿ ಆ ದಿನ ಒಂದು ಪ್ರಶ್ನೆ ಕೇಳಿದ್ದಳು,"
ಎಂದೆ ಸಿಗ್ನೆಗೆ, "ನಾನು ದಾಟಿಸಲಿಲ್ಲ.
ಚಳಿಗೆ ಅಲ್ಲಿ ನಿನಗೆ ಏನು ಹೊದೆಸುತ್ತಿದ್ದರು?"